ಮೂಗು, ಕಿವಿ ಮತ್ತು ಮೂರು ಅಂಕೆಗಳು

ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯಲ್ಲಿದ್ದ ಪರಶುರಾಮ ಕೃಷ್ಣ ಗೋಡೆಯವರು ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಅರಸುತ್ತ ಹೋಗಿ ತಲುಪಿದ್ದು ವಿಜಯನಗರವನ್ನು. ಸೋಮನಾಥ ಕವಿಯ ಸಂಸ್ಕೃತ ಕೃತಿ ‘ವ್ಯಾಸಯೋಗಿಚರಿತ’ದಲ್ಲಿ ವ್ಯಾಸರಾಯರು ಕನ್ನಡಕದ ನೆರವಿನಿಂದ ಗ್ರಂಥ ಓದುವ ಪ್ರಸ್ತಾಪವಿದೆ. 16ನೆಯ ಶತಮಾನದ ಪೂರ್ವಾರ್ಧದ ಮಾತದು. ಮರಾಠಿ ನಾಡಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಈ ಶೋಧ ಇಲ್ಲಿಯೇ ನಡೆದುದೆಂಬುದು ಒಂದು ಸಣ್ಣ ಸಂತೋಷ.

ಆದರೆ ಆ ಕನ್ನಡಕ ಯಾವುದರ ಆಸರೆಯಲ್ಲಿ ನಿಂತಿತ್ತು? ಇಟಲಿಯಲ್ಲಿ 1286ರ ಸುಮಾರಿಗೆ ಹುಟ್ಟಿದ ಕನ್ನಡಕಕ್ಕೆ ಆಗಿನ್ನೂ ಕಿವಿಗೆ ಸಿಕ್ಕಿಸುವ ಕಡ್ಡಿಗಳಿರಲಿಲ್ಲ. ಟ್ರೆವಿಸೊ ನಗರದಲ್ಲಿ ತೊಮ್ಮಾಸೊ ದ ಮೊದೆನ 1352ರಲ್ಲಿ ಬರೆದ ಭಿತ್ತಿಚಿತ್ರದಲ್ಲಿ ಕಾರ್ಡಿನಲ್ ಒಬ್ಬರ ಮೂಗಿನ ಮೇಲೆ ಎರಡು ಗಾಜುಗಳು ಕೇವಲ ಕುಳಿತಿವೆ. ವ್ಯಾಸರಾಯರೂ ಕೈಯಲ್ಲಿ ಹಿಡಿದೋ ಮೂಗಿಗೆ ಸಿಕ್ಕಿಸಿಯೋ ಓದಿರಬೇಕು. ಲಂಡನ್ನಿನ ಎಡ್ವರ್ಡ್ ಸ್ಕಾರ್ಲೆಟ್ ಕಡ್ಡಿಯುಳ್ಳ ಕನ್ನಡಕಗಳನ್ನು ಮಾರತೊಡಗಿದ್ದು 1730ರ ಆಸುಪಾಸಿನಲ್ಲಿ. ಅಂದರೆ ನಾಲ್ಕು ಶತಮಾನಗಳಿಗೂ ಮೀರಿ ಭಾರವೆಲ್ಲ ಮೂಗಿನದು, ಇಲ್ಲವೇ ಕೈಯದು.

ಕಡ್ಡಿ ಬಂದ ಮೇಲೂ ಅಳತೆಗೊಂದು ಸಮಾನ ಭಾಷೆ ದೊರೆಯಲು ಬಹುಕಾಲ ಹಿಡಿಯಿತು. ಇಂದು ಕಡ್ಡಿಯ ಒಳಬದಿಯಲ್ಲಿ ಕಾಣುವ 52□18 140 ಎಂಬಂಥ ಬರಹ 1960ರ ದಶಕದಲ್ಲಿ ಅಮೆರಿಕದ ತಯಾರಕರು ಒಪ್ಪಿಕೊಂಡ ಪದ್ಧತಿಯದು. ಗಾಜಿನ ಸುತ್ತ ಒಂದು ಚೌಕವನ್ನು ಕಲ್ಪಿಸಿಕೊಂಡು ಅಳೆಯುವ ಕ್ರಮ. ನಡುವಿನ ಪುಟ್ಟ ಚೌಕ ಅದರ ಗುರುತು. ಗಾಜಿನ ಅಗಲ 52 ಮಿಲಿಮೀಟರ್, ಎರಡು ಗಾಜುಗಳ ನಡುವಣ ಅಂತರ 18, ಕಿವಿಯ ಹಿಂದಿನ ಬಾಗನ್ನೂ ಸೇರಿಸಿ ಕಡ್ಡಿಯ ಉದ್ದ 140. ಮುಖದ ಒಟ್ಟು ಅಗಲ ಮಾತ್ರ ಈ ಮೂರರಲ್ಲಿಯೂ ಇಲ್ಲ. ಕಡ್ಡಿ ಕಪಾಲವನ್ನು ಒತ್ತುತ್ತಿದ್ದರೆ ಅಂಕೆ ಎಷ್ಟೇ ಸರಿಯಿರಲಿ, ಚೌಕಟ್ಟು ಮುಂದಕ್ಕೆ ಜಾರುತ್ತದೆ.

ಇದನ್ನು ನಾವು ಕಲಿತದ್ದು ತಡವಾಗಿ. ನಮ್ಮ ಬಳಗದ ಹಿರಿಯರೊಬ್ಬರು ತಿಂಗಳ ಕೂಟದಲ್ಲಿ ಗಮಕ ಓದುವುದನ್ನು ಬಿಟ್ಟಿದ್ದರು. ವಯಸ್ಸೆಂದು ನಾವೂ ಸುಮ್ಮನಿದ್ದೆವು. ಒಂದು ದಿನ ಅವರ ಹೊಸ ಕನ್ನಡಕವನ್ನು ಕೈಗೆತ್ತಿಕೊಂಡಾಗ ಅದರ ಭಾರ ತಿಳಿಯಿತು. ಹಳೆಯದು 48□18, ಹೊಸದು 54□20. ಮೊದಲೆರಡು ಅಂಕೆಗಳನ್ನು ಕೂಡಿಸಿದರೆ ಎರಡು ಗಾಜುಗಳ ನಡುಬಿಂದುಗಳ ಅಂತರ ಸಿಗುತ್ತದೆ: ಹಿಂದೆ 66, ಈಗ 74. ಅವರ ಪಾಪೆಗಳ ಅಂತರವೋ 63. ಪ್ರತಿ ಗಾಜಿನ ದೃಷ್ಟಿಕೇಂದ್ರವನ್ನೂ ಐದೂವರೆ ಮಿಲಿಮೀಟರ್ ಒಳಕ್ಕೆ ಸರಿಸಬೇಕಾಗಿತ್ತು. ಓದುವ ಪ್ಲಸ್ ಗಾಜು ಹೀಗೆ ಹಿಗ್ಗಿದಷ್ಟೂ ನಡುವೆ ದಪ್ಪವಾಗುತ್ತದೆ, ತೂಕವೇರುತ್ತದೆ. ತಲೆ ಬಾಗಿಸಿದೊಡನೆ ಅದು ಮೂಗಿನ ತುದಿಗೆ ಇಳಿಯುತ್ತಿತ್ತು. ದೊಡ್ಡ ಗಾಜೇ ಈಗಿನ ರೂಢಿಯೆಂದು ಅಂಗಡಿಯವರು ಹೇಳಿದ್ದರಂತೆ, ರೂಢಿಗೆ ಮೂಗಿಲ್ಲವಲ್ಲ!

ಹಳೆಯ ಚೌಕಟ್ಟು ಅವರ ಮೇಜಿನ ಖಾನೆಯಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು. ಅದಕ್ಕೇ ಹೊಸ ನಂಬರಿನ ಗಾಜು ಹಾಕಿಸಿದೆವು. ಮರುತಿಂಗಳ ಕೂಟದಲ್ಲಿ ಅವರು ಕುಮಾರವ್ಯಾಸನನ್ನು ಓದಿದರು, ಎರಡೂ ಕೈಗಳಲ್ಲಿ ಪುಸ್ತಕ ಹಿಡಿದು.