ಕಾರವಾರದ ನಡುಗಡ್ಡೆಗಳೂ ಅಲ್ಲಿಯ ತಾರಿಯೂ

ಘಟ್ಟದ ಮೇಲಿನ ಧಾರವಾಡ ಸೀಮೆಯವರಿಗೆ ಸಮುದ್ರವೆಂದರೆ ಮೊದಲು ನೆನಪಾಗುವುದು ಕಾರವಾರ. ಹುಬ್ಬಳ್ಳಿಯಿಂದ ಯಲ್ಲಾಪುರದ ಕಾಡನ್ನು ದಾಟಿ, ಅರಬೈಲ ಘಟ್ಟವನ್ನಿಳಿದು ಬಂದವನಿಗೆ ಅಲ್ಲಿಯ ತೀರದಲ್ಲಿ ನಿಂತಾಗ ನೀರಿಗಿಂತಲೂ ಮೊದಲು ಕಣ್ಣಿಗೆ ಬೀಳುವವು ಅಲ್ಲಿಯ ನಡುಗಡ್ಡೆಗಳು. ಕಾಳೀನದಿಯ ಅಳಿವೆಯೆದುರಿಗೆ ಆಮೆಯ ಬೆನ್ನಿನಂತೆ ಎದ್ದಿರುವ ಕೂರ್ಮಗಡ. ಅದರಾಚೆ 1864ರಿಂದ ದೀಪಸ್ತಂಭವನ್ನು ಹೊತ್ತು ನಿಂತಿರುವ ದೇವಗಡ. ದಕ್ಷಿಣಕ್ಕೆ ಬಿಣಗಾದ ಎದುರಿಗೆ ಉದ್ದಕ್ಕೆ ಚಾಚಿಕೊಂಡ ಅಂಜದೀವ. ದಂಡೆಯಿಂದ ನೋಡಿದರೆ ಕೈಚಾಚಿ ಮುಟ್ಟುವಷ್ಟು ಹತ್ತಿರ. ಈ ಹತ್ತಿರವೆಂಬ ಭಾವನೆಯೇ ಅನೇಕರನ್ನು ಮೋಸಗೊಳಿಸಿದೆ.

ನಡುವಣ ನೀರು ಕಿರಿದಾದರೂ ಅದರ ಚರಿತ್ರೆ ಕಿರಿದಲ್ಲ. ಅದರಲ್ಲಿ ಹುಬ್ಬಳ್ಳಿಯ ಪಾಲೂ ಉಂಟು. 1638ರಲ್ಲಿ ಕೋರ್ಟೀನನ ವ್ಯಾಪಾರ ಸಂಘದವರು ಕಾರವಾರದಲ್ಲಿ ಕೋಠಿಯನ್ನು ಹಾಕಿದರು. ಅಲ್ಲಿಂದ ಹಡಗು ಹತ್ತುತ್ತಿದ್ದುದು ಮೆಣಸು ಮಾತ್ರವಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಕಲೆಹಾಕಿ ಎತ್ತುಗಳ ಮೇಲೆ ಘಟ್ಟವಿಳಿಸಿದ ನಯವಾದ ಅರಿವೆಯೂ. 1673ರಲ್ಲಿ ಶಿವಾಜಿಯ ದಂಡು ಹುಬ್ಬಳ್ಳಿಯನ್ನು ಸುಲಿದಾಗ ಇಂಗ್ಲಿಷರು ತಮ್ಮ ಸರಕಿನ ನಷ್ಟವನ್ನು ತುಂಬಿಕೊಡಿರೆಂದು ಬೇಡುತ್ತ ಕುಳಿತುದು ಈ ಕಾರಣದಿಂದಲೇ. ಇತಿಹಾಸಕಾರರು ಹಡಗಿನ ಒಡೆಯರ ಹೆಸರುಗಳನ್ನು ಜೋಪಾನವಾಗಿ ಕಾಯ್ದಿಟ್ಟಿದ್ದಾರೆ. ನೇಕಾರರ ಹೆಸರುಗಳನ್ನು ಬರೆದಿಡುವ ತೊಂದರೆಯನ್ನು ಮಾತ್ರ ಯಾರೂ ತೆಗೆದುಕೊಂಡಂತಿಲ್ಲ.

ಅಂಜದೀವದ ಕಥೆ ಇದಕ್ಕೂ ಹಳೆಯದು. ಅಲ್ಲಿಯ ಸಿಹಿನೀರಿನ ಆಸೆಯಿಂದ ನಾವಿಕರು ಬರುತ್ತಿದ್ದರು. ವಾಸ್ಕೋ ಡ ಗಾಮನು ಕಲ್ಲೀಕೋಟೆಯಿಂದ ಮರಳುವಾಗ 1498ರ ಸೆಪ್ಟೆಂಬರದ ಕೊನೆಗೆ ಇಲ್ಲಿ ತಂಗಿ, ಹಡಗಿನ ತಳವನ್ನು ಉಜ್ಜಿಸಿ, ನೀರು ತುಂಬಿಕೊಂಡು ಅಕ್ಟೋಬರ 5ರಂದು ಹೊರಟನು. 1505ರಲ್ಲಿ ಅಲ್ಮೇದನು ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಿಹಾಕಿದರು. ಆದರೆ ಈ ನಡುಗಡ್ಡೆ ಕಂಡ ಅತ್ಯಂತ ದುಃಖದ ಕಾಲ ಮುಂದೆ ಬಂದಿತು. 1661ರ ವಿವಾಹದ ಒಪ್ಪಂದದಂತೆ ಮುಂಬಯಿಯು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಸಲ್ಲಬೇಕಾಗಿತ್ತು. ಅದನ್ನು ಕೈವಶಮಾಡಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ನನು ನಾಲ್ಕು ನೂರರಷ್ಟು ಸಿಪಾಯಿಗಳೊಡನೆ 1662ರಲ್ಲಿ ಬಂದರೆ, ಪೋರ್ತುಗೀಜರು ಏನೇನೋ ನೆವ ಹೇಳಿ ಊರನ್ನು ಒಪ್ಪಿಸಲಿಲ್ಲ. ಇಳಿಯಲು ಬೇರೆಡೆ ಇಲ್ಲದೆ ಆ ದಂಡು ಅಂಜದೀವದ ಬಂಡೆಗಳ ಮೇಲೆ ಬಿಡಾರಮಾಡಿತು. ಮಳೆ, ಜ್ವರ, ಅರೆಹೊಟ್ಟೆ. ಎದುರಿಗೇ ಹಸಿರಾದ ದಂಡೆ. 1664ರ ಏಪ್ರಿಲಿನಲ್ಲಿ ಶಿಪ್‌ಮನ್ನನೂ ಅಲ್ಲಿಯೇ ಮಡಿದನು. 1665ರ ಫೆಬ್ರವರಿಯಲ್ಲಿ ಅವನ ಕಾರಕೂನನಾಗಿದ್ದ ಹಂಫ್ರಿ ಕುಕ್ ಮುಂಬಯಿಯನ್ನು ಸ್ವಾಧೀನಪಡಿಸಿಕೊಂಡಾಗ ಅವನೊಡನೆ ಉಳಿದಿದ್ದವರು ನೂರರ ಆಸುಪಾಸಿನವರು. ಮುಂಬಯಿಯ ವೈಭವದ ಪುಸ್ತಕಗಳಲ್ಲಿ ಈ ಗೋರಿಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

ಪೋರ್ತುಗೀಜರು 1682ರಲ್ಲಿ ಮತ್ತೆ ಕೋಟೆ ಕಟ್ಟಿದರು. ಸುತ್ತಲಿನ ನಾಡು ಬೇರೆ ಬೇರೆ ಅರಸುಗಳ ಕೈಗೆ ಹೋದರೂ ನಡುಗಡ್ಡೆ ಅವರಲ್ಲಿಯೇ ಉಳಿಯಿತು. ಬ್ರೋತಸ್ ಮಾತೆಯ ಹಬ್ಬಕ್ಕೆ ಫೆಬ್ರವರಿ 2ರಂದು ಭಕ್ತರು ದೋಣಿಗಳಲ್ಲಿ ಅಲ್ಲಿಗೆ ಹೋಗುವ ರೂಢಿಯಿತ್ತು. 1961ರ ನವೆಂಬರದಲ್ಲಿ ಸಮೀಪದಿಂದ ಸಾಗುತ್ತಿದ್ದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ಈ ನಡುಗಡ್ಡೆಯಿಂದ ಗುಂಡು ಹಾರಿತು. ಡಿಸೆಂಬರದಲ್ಲಿ ಭಾರತದ ನೌಕಾದಳವು ಅದನ್ನು ಗೆದ್ದುಕೊಂಡಿತು. ಏಳು ಜನ ನಾವಿಕರು ಪ್ರಾಣವನ್ನೊಪ್ಪಿಸಿದರು. 2005ರಲ್ಲಿ ಕದಂಬ ನೌಕಾನೆಲೆ ಆರಂಭವಾಯಿತು. ಅದಕ್ಕಾಗಿ ಹಾಕಿದ ಅಲೆತಡೆಗೋಡೆಯು ಅಂಜದೀವವನ್ನು ದಂಡೆಗೆ ಜೋಡಿಸಿದೆ. ದೋಣಿಯ ಕೆಲಸ ಮುಗಿಯಿತು. ಹಬ್ಬದ ಯಾತ್ರಿಕರಿಗೂ ಮೊದಲಿನಂತೆ ದಾರಿ ಉಳಿಯಲಿಲ್ಲ.

ದೋಣಿಯಲ್ಲಿ ದಾಟಿಸುವ ಕಡವಿಗೆ ಇಲ್ಲಿಯವರು ತಾರಿಯೆನ್ನುತ್ತಾರೆ. ಕೋಡಿಬಾಗದಿಂದ ಸದಾಶಿವಗಡಕ್ಕೆ ಕಾಳಿಯನ್ನು ದಾಟಿಸುತ್ತಿದ್ದ ತಾರಿಯೂ ಸೇತುವೆಯಾದ ಮೇಲೆ ನಿಂತುಹೋಯಿತು. ಆ ಸೇತುವೆಯೇ 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕುಸಿದು ನದಿಗೆ ಬಿದ್ದಿತು. 1883ರಲ್ಲಿ ಇಲ್ಲಿಯ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಇದೇ ಕಾಳಿಯ ಮೇಲೆ ದೋಣಿಯಲ್ಲಿ ತೇಲಿದ್ದರು.

ಈಗ ಜನಸಾಮಾನ್ಯರ ಪಾಲಿಗೆ ಉಳಿದಿರುವ ದೊಡ್ಡ ದಾಟುವಿಕೆಯೆಂದರೆ ಕೂರ್ಮಗಡದ್ದು. ಅಲ್ಲಿಯ ನರಸಿಂಹದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ. ಅಂದು ಮೀನುಗಾರರು ಬಲೆಗಳನ್ನು ಬದಿಗಿಟ್ಟು ತಮ್ಮ ದೋಣಿಗಳಲ್ಲಿ ಯಾತ್ರಿಕರನ್ನು ತುಂಬಿಕೊಳ್ಳುತ್ತಾರೆ. ಬಾಳೆಗೊನೆಗಳನ್ನು ಹೊತ್ತ ಕುಟುಂಬಗಳು ಅಂಚಿನಿಂದ ಅಂಚಿಗೆ ಒತ್ತಿ ಕುಳಿತುಕೊಳ್ಳುತ್ತವೆ. ಜನವರಿಯ ಮುಂಜಾವಿನಲ್ಲಿ ನೆಲದ ಕಡೆಯಿಂದ ತಣ್ಣನೆಯ ಗಾಳಿ ಬೀಸಿ ನೀರು ಹಾಸಿದ ಚಾಪೆಯಂತಿರುತ್ತದೆ. ಮಧ್ಯಾಹ್ನ ಕಳೆದಂತೆ ಗಾಳಿ ತಿರುಗಿ ಕಡಲಿನಿಂದ ಏರುತ್ತದೆ. ಇಳಿತದ ವೇಳೆಗೆ ನದಿಯ ನೀರು ಹೊರಕ್ಕೆ ಧಾವಿಸುತ್ತಿದ್ದು ಎದುರಿನಿಂದ ಗಾಳಿ ಒತ್ತಿದರೆ ಅಳಿವೆಯಲ್ಲಿ ತೆರೆಗಳು ಕಡಿದಾಗಿ, ಒತ್ತೊತ್ತಾಗಿ ನಿಲ್ಲುತ್ತವೆ. ಹೋಗುವಾಗಿನ ನೀರು ಬರುವಾಗ ಇರುವುದಿಲ್ಲ. ಇದನ್ನು ತಾಂಡೇಲನು ಬಲ್ಲನು. ಕೆರೆಯ ನೀರನ್ನಷ್ಟೇ ಕಂಡ ಬಯಲುಸೀಮೆಯವನು ಬಲ್ಲನೆನ್ನಲಾಗದು.

2019ರ ಜನವರಿ 21, ಸೋಮವಾರ, ಹುಣ್ಣಿಮೆ. ಜಾತ್ರೆ ಮುಗಿಸಿ ಮಧ್ಯಾಹ್ನದ ಮೇಲೆ ಮರಳುತ್ತಿದ್ದ ಒಂದು ದೋಣಿ ತೆರೆಗೆ ಸಿಕ್ಕಿ ಮಗುಚಿತು. ಮಿತಿಗೆ ಮೀರಿ ಜನರನ್ನು ಹತ್ತಿಸಿಕೊಂಡಿದ್ದರೆಂದು ಆಗ ವರದಿಯಾಯಿತು. ಸಮೀಪದ ದೋಣಿಗಳವರು ಧಾವಿಸಿ ಕೈಗೆ ಸಿಕ್ಕವರನ್ನು ಎತ್ತಿಕೊಂಡರು. ಆದರೂ ಹದಿನಾರು ಜನರು ತೀರಿಕೊಂಡರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ಬಂದವರು. ಹಾವೇರಿಯು 1997ರವರೆಗೆ ಧಾರವಾಡ ಜಿಲ್ಲೆಯೊಳಗಿನದೇ. ಹತ್ತಿಯ ಹೊಲಗಳ ನಡುವಿನ ಊರಿನಿಂದ ದೇವರ ದರ್ಶನಕ್ಕೆಂದು ಮಕ್ಕಳುಮರಿಗಳೊಡನೆ ಘಟ್ಟವಿಳಿದ ಮನೆತನಕ್ಕೆ ಅದೇ ಮಧ್ಯಾಹ್ನ ಎಲ್ಲವೂ ಮುಗಿದುಹೋಯಿತು. ಶಿಪ್‌ಮನ್ನನ ಸಿಪಾಯಿಗಳಿಗಾದರೂ ಅರಸನ ಆಜ್ಞೆಯಿತ್ತು, ಇವರಿಗಿದ್ದುದು ಹರಕೆಯೊಂದೇ.

ಪುಷ್ಯ ಹುಣ್ಣಿಮೆಯ ಬೆಳಗ್ಗೆ ಕೋಡಿಬಾಗ, ಬೈತಕೋಲಗಳ ದಂಡೆಯಲ್ಲಿ ಜನರು ಸರದಿಗಾಗಿ ಕಾಯುತ್ತ ನಿಲ್ಲುತ್ತಾರೆ. ದೋಣಿಗೆ ಕಾಲಿಡುವಾಗ ಹೆಂಗಸರು ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಎದುರಿಗೆ ಕೂರ್ಮಗಡವು ಅಷ್ಟೇ ಹತ್ತಿರವಾಗಿ ಕಾಣಿಸುತ್ತದೆ.