ಎದ್ದು ನಿಂತ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತಾ? ಬರೀ ಸುಸ್ತು ಅಂತ ಬಿಡಬೇಡಿ, ಇಲ್ಲಿದೆ ಪೂರ್ತಿ ಮಾಹಿತಿ

ಗಲ್ಲಾಪೆಟ್ಟಿಗೆ ಮುಂದೆ ಗಂಟೆಗಟ್ಟಲೆ ಕೂತವರು ದಿಢೀರ್ ಅಂತ ಎದ್ದಾಗ, ನ್ಯಾಯಬೆಲೆ ಅಂಗಡಿ ಕ್ಯೂನಲ್ಲಿ ಬಿಸಿಲಿಗೆ ನಿಂತಾಗ, ಆಗಸ್ಟ್ 15ರ ಧ್ವಜಾರೋಹಣಕ್ಕೆ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತಾಗ, ರಾತ್ರಿ ಅಜ್ಜ ಬಾತ್‌ರೂಮಿಗೆ ಹೋಗಲು ಎದ್ದಾಗ ಒಂದೇ ಮಾತು ಕೇಳಿಬರುತ್ತದೆ: 'ಯಾಕೋ ಕಣ್ಣು ಕತ್ತಲೆ ಬಂದಂಗಾಯ್ತು'. ಹೆಚ್ಚಿನ ಜನ ಇದಕ್ಕೆ ಸುಸ್ತು, ಪಿತ್ತ, ಇಲ್ಲಾಂದ್ರೆ ದೃಷ್ಟಿ ಅಂತ ಹೆಸರಿಟ್ಟು ಸುಮ್ಮನಾಗುತ್ತಾರೆ. ಆದರೆ ಮಲಗುವುದು, ಕೂರುವುದು, ನಿಲ್ಲುವುದು ಈ ಮೂರು ಭಂಗಿಗಳಿಗೂ ಬಿಪಿ, ಎದೆಬಡಿತ ಮತ್ತು ತಲೆಯ ಚುರುಕಿಗೂ ನೇರ ಸಂಬಂಧ ಇದೆ.

ನಿಂತಾಗ ದೇಹದಲ್ಲಿ ಏನಾಗುತ್ತೆ?

ಮಲಗಿದ್ದಾಗ ತಲೆ, ಹೃದಯ, ಕಾಲು ಎಲ್ಲವೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿರುತ್ತವೆ. ಹಾಗಾಗಿ ಹೃದಯಕ್ಕೆ ರಕ್ತವನ್ನು ತಲೆಗೆ ಕಳಿಸೋದು ಸುಲಭ. ಎದ್ದು ನಿಂತ ತಕ್ಷಣ ಸುಮಾರು 500ರಿಂದ 800 ಎಂಎಲ್ ರಕ್ತ ಹೊಟ್ಟೆ ಮತ್ತು ಕಾಲಿನ ಕಡೆಗೆ ಇಳಿಯುತ್ತದೆ. ಆಗ ಹೃದಯಕ್ಕೆ ವಾಪಸ್ ಬರುವ ರಕ್ತ ಕಮ್ಮಿಯಾಗುತ್ತದೆ.

ಇದನ್ನು ಸರಿಮಾಡಲು ಕತ್ತಿನ ಮತ್ತು ಎದೆಯ ದೊಡ್ಡ ರಕ್ತನಾಳಗಳಲ್ಲಿ ಒತ್ತಡ ಅಳೆಯುವ ನರಗಳಿವೆ. ಒತ್ತಡ ಇಳಿದಿದ್ದು ಗೊತ್ತಾದ ಕೂಡಲೇ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳು ಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿ, ಎದೆಬಡಿತ ಸ್ವಲ್ಪ ಏರಿಸುತ್ತದೆ. ಇದೆಲ್ಲಾ ಕೆಲವೇ ಸೆಕೆಂಡಿನಲ್ಲಿ, ನಮ್ಮ ಗಮನಕ್ಕೇ ಬಾರದ ಹಾಗೆ ನಡೆದುಹೋಗುತ್ತದೆ. ನಾವು ಹೇಳದೇ ತಾನಾಗಿ ಕೆಲಸ ಮಾಡುವ ಈ ನರಗಳ ಜಾಲಕ್ಕೆ ಸ್ವಾಯತ್ತ ನರವ್ಯೂಹ ಅಂತ ಹೆಸರು.

ಮೆದುಳಿನ ತೂಕ ದೇಹದ ತೂಕದಲ್ಲಿ ಬರೀ ಶೇ. 2ರಷ್ಟು. ಆದರೆ ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ಹಾಗಾಗಿ ರಕ್ತ ಸ್ವಲ್ಪ ಕಮ್ಮಿಯಾದರೂ ಮೊದಲು ಏಟು ಬೀಳೋದು ತಲೆಗೇ. ಕಣ್ಣು ಮಂಜಾಗುವುದು, ಲೆಕ್ಕ ತಪ್ಪುವುದು, ಹೇಳಬೇಕಾದ ಮಾತು ನೆನಪಿಗೆ ಬಾರದಿರುವುದು, ಕತ್ತು ಮತ್ತು ಭುಜ ಹಿಡಿದಂತೆ ನೋಯುವುದು, ಇವೆಲ್ಲಾ ನಿಂತಾಗ ಶುರುವಾಗಿ ಮಲಗಿದರೆ ಹೋಗುತ್ತಿದ್ದರೆ ಅದೊಂದು ಸುಳಿವು.

ಮೂರು ಬಗೆಯ ತೊಂದರೆ

1. ನಿಂತಾಗ ಬಿಪಿ ಇಳಿಯುವುದು: ನಿಂತ 3 ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದು ಹಾಗೇ ಉಳಿದರೆ ವೈದ್ಯರು ಇದನ್ನು ತೊಂದರೆ ಅಂತ ಪರಿಗಣಿಸುತ್ತಾರೆ. ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಶುಗರ್ ಇರುವವರಲ್ಲಿ, ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಜಾಸ್ತಿ. ವಾಂತಿ ಭೇದಿ ಆದಾಗ, ರಕ್ತ ಕಮ್ಮಿ ಇದ್ದಾಗಲೂ ಬರಬಹುದು. ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಆಗುತ್ತದೆ.

2. ಬಿಪಿ ಇಳಿಯದೆ ಎದೆಬಡಿತ ಏರುವುದು: ಇದಕ್ಕೆ ಪಾಟ್ಸ್ ಅಂತಾರೆ. ಈ ಹೆಸರು ವೈದ್ಯಕೀಯ ಲೋಕದಲ್ಲಿ ಬಳಕೆಗೆ ಬಂದಿದ್ದು 1993ರಲ್ಲಿ. ನಿಂತ 10 ನಿಮಿಷದೊಳಗೆ ಎದೆಬಡಿತ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರುತ್ತದೆ. 12ರಿಂದ 19 ವರ್ಷದವರಿಗೆ ಈ ಲೆಕ್ಕ 40. ಜೊತೆಗೆ ತಲೆ ಮಬ್ಬು, ನಡುಕ, ಸುಸ್ತು ಇದ್ದು, ಈ ತೊಂದರೆ ಕನಿಷ್ಠ 3 ತಿಂಗಳಿಂದ ಇರಬೇಕು. ಪ್ರಾಯದ ಹೆಣ್ಣುಮಕ್ಕಳಲ್ಲೇ ಹೆಚ್ಚು. ಕೋವಿಡ್ ಸೇರಿ ವೈರಲ್ ಜ್ವರಗಳ ನಂತರ ಶುರುವಾಗಿದ್ದೂ ಉಂಟು. ಕೂತಾಗ ಬಿಪಿ ಸರಿ ಇರುತ್ತೆ, ಇಸಿಜಿ ಸರಿ ಇರುತ್ತೆ. ಹೀಗಾಗಿ 'ಏನೂ ಇಲ್ಲಮ್ಮ, ಬರೀ ಗಾಬರಿ' ಅಂತ ಮನೆಯವರೇ ಬೈದು ಕಳಿಸೋದು ಮಾಮೂಲು.

3. ಸಾಮಾನ್ಯ ಮೂರ್ಛೆ: ಬಿಸಿಲು, ಸೆಕೆ, ಹಸಿವು, ರಕ್ತ ನೋಡುವುದು, ಸೂಜಿ, ಬಹಳ ಹೊತ್ತು ಅಲ್ಲಾಡದೆ ನಿಲ್ಲುವುದು ಇದಕ್ಕೆ ಕಾರಣ. ಬೆವರು, ಆಕಳಿಕೆ, ವಾಕರಿಕೆ, ಕಿವಿ ಮುಚ್ಚಿದಂತಾಗುವುದು ಮುನ್ಸೂಚನೆ. ನಂತರ ಬಿಪಿ, ಎದೆಬಡಿತ ಎರಡೂ ಒಮ್ಮೆಲೇ ಕುಸಿದು ವ್ಯಕ್ತಿ ಬೀಳುತ್ತಾನೆ. ಮಲಗಿಸಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲೇ ಎಚ್ಚರವಾಗುತ್ತದೆ.

ಎಲ್ಲಾ ತಲೆಸುತ್ತೂ ಇದೇ ಅಲ್ಲ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟ ನೋಡಲು ಕತ್ತೆತ್ತಿದಾಗ ಮನೆಯೇ ಗಿರ್ರನೆ ತಿರುಗಿದಂತಾದರೆ ಅದು ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿದ್ದರಿಂದ ಇರಬಹುದು. ಇದಕ್ಕೆ ಇಎನ್‌ಟಿ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಸರಿಪಡಿಸುತ್ತಾರೆ.

ಮಲಗಿದರೆ ಉಸಿರು ಕಟ್ಟಿ, ಎದ್ದು ಕೂತರೆ ಆರಾಮ ಅನ್ನಿಸಿದರೆ ಹೃದಯ ಪರೀಕ್ಷೆ ಮಾಡಿಸಲೇಬೇಕು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗಿದಾಗ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ಎಡ ಮಗ್ಗುಲಿಗೆ ತಿರುಗಿದರೆ ಕಮ್ಮಿಯಾಗುತ್ತದೆ.

ಮನೆಯಲ್ಲೇ ಚೆಕ್ ಮಾಡೋದು ಹೇಗೆ?

ಮನೆಯಲ್ಲಿ ಡಿಜಿಟಲ್ ಬಿಪಿ ಮಷೀನ್ ಇದ್ದರೆ 5 ನಿಮಿಷ ಮಲಗಿ ಬಿಪಿ, ಎದೆಬಡಿತ ಬರೆದುಕೊಳ್ಳಿ. ಎದ್ದು ನಿಂತು 1ನೇ ನಿಮಿಷ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ನಿಂತು ಅಳೆಯುವಾಗ ಕೈಯನ್ನು ಹೃದಯದ ಮಟ್ಟದಲ್ಲಿ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ಇರಲಿ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಮಷೀನ್ ಇಲ್ಲದವರು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ 'ಮಲಗಿಸಿ, ನಿಲ್ಲಿಸಿ ಎರಡೂ ಸಲ ಬಿಪಿ ನೋಡಿ' ಅಂತ ಕೇಳಬಹುದು. ಕೂರಿಸಿ ಒಂದೇ ಸಲ ನೋಡಿದರೆ ಈ ತೊಂದರೆ ಸಿಗೋದೇ ಇಲ್ಲ.

ಇಷ್ಟರಲ್ಲಿ ಗೊತ್ತಾಗದಿದ್ದರೆ ದೊಡ್ಡ ಆಸ್ಪತ್ರೆಗಳಲ್ಲಿ ಟಿಲ್ಟ್ ಟೇಬಲ್ ಪರೀಕ್ಷೆ ಮಾಡುತ್ತಾರೆ. ರೋಗಿಯನ್ನು ಹಲಗೆಗೆ ಕಟ್ಟಿ ಮಲಗಿಸಿ, ನಂತರ ಹಲಗೆಯನ್ನು 60ರಿಂದ 70 ಡಿಗ್ರಿ ಎತ್ತಿ ಬಿಪಿ, ಎದೆಬಡಿತ ಗಮನಿಸುತ್ತಾರೆ.

ದಿನನಿತ್ಯ ಏನು ಮಾಡಬೇಕು?

• ಏಳುವಾಗ ಅವಸರ ಬೇಡ. ಮೊದಲು ಮಂಚದ ತುದಿಯಲ್ಲಿ ಒಂದೆರಡು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲಿ.
• ಕೌಂಟರ್ ಹಿಂದೆ ನಿಂತೇ ವ್ಯಾಪಾರ ಮಾಡುವವರು ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಮೀನಖಂಡದ ಸ್ನಾಯು ರಕ್ತವನ್ನು ಪಂಪ್‌ನಂತೆ ಮೇಲಕ್ಕೆ ತಳ್ಳುತ್ತದೆ.
• ಕಣ್ಣು ಕತ್ತಲೆ ಬರುವ ಸೂಚನೆ ಸಿಕ್ಕರೆ ಕಾಲು ಕತ್ತರಿಯಂತೆ ಹಾಕಿ ತೊಡೆ ಬಿಗಿ ಹಿಡಿಯಿರಿ, ಅಥವಾ ಅಲ್ಲೇ ಕುಕ್ಕರಗಾಲಲ್ಲಿ ಕೂರಿ. ನಾಚಿಕೆ ಪಟ್ಟುಕೊಂಡರೆ ತಲೆ ಒಡೆಯುತ್ತೆ.
• ಒಂದೇ ಸಲಕ್ಕೆ ಅರ್ಧ ಲೀಟರ್ ನೀರು ಕುಡಿದರೆ ಈ ತೊಂದರೆ ಇರುವ ಹಲವರಿಗೆ ಸುಮಾರು ಒಂದು ಗಂಟೆ ಕಾಲ ಬಿಪಿ ಏರುತ್ತದೆ. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.
• ಉಪ್ಪು ಜಾಸ್ತಿ ತಿಂದರೆ ಕೆಲವರಿಗೆ ಅನುಕೂಲ, ಬಿಪಿ ಇರುವವರಿಗೆ ಅಪಾಯ. ಸ್ವಂತ ಬುದ್ಧಿಗೆ ಶುರು ಮಾಡಬೇಡಿ.
• ಮಧ್ಯಾಹ್ನ ಗಡದ್ದಾಗಿ ಉಂಡ ಮೇಲೆ ವಯಸ್ಸಾದವರ ಬಿಪಿ ಇಳಿಯುತ್ತದೆ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಉಣ್ಣುವುದು ಒಳ್ಳೇದು. ತುಂಬಾ ಬಿಸಿ ನೀರಿನ ಸ್ನಾನ, ಮದ್ಯ ಎರಡೂ ತೊಂದರೆ ಹೆಚ್ಚಿಸುತ್ತವೆ.
• ಗಂಡಸರು ರಾತ್ರಿ ಮೂತ್ರಕ್ಕೆ ಎದ್ದಾಗ ನಿಲ್ಲುವ ಬದಲು ಕೂತು ಹೋಗುವುದು ಸುರಕ್ಷಿತ. ದಾರಿಯಲ್ಲಿ ಸಣ್ಣ ಲೈಟ್ ಇರಲಿ. ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯಬೇಕಾಗುತ್ತದೆ.
• ಮಾತ್ರೆಯಿಂದ ಹೀಗಾಗುತ್ತಿದೆ ಅನ್ನಿಸಿದರೆ ತಾವಾಗೇ ನಿಲ್ಲಿಸಬೇಡಿ. ಎಲ್ಲಾ ಮಾತ್ರೆಗಳ ಚೀಟಿ ತಗೊಂಡು ಹೋಗಿ ವೈದ್ಯರಿಗೆ ತೋರಿಸಿ.

ಯಾರಾದರೂ ಬಿದ್ದರೆ

ನಮ್ಮಲ್ಲಿ ಜನ ಮಾಡುವ ಮೊದಲ ತಪ್ಪು ಅಂದ್ರೆ ಬಿದ್ದವರನ್ನು ಎತ್ತಿ ಕುರ್ಚಿ ಮೇಲೆ ಕೂರಿಸೋದು. ದೇಹ ಬಿದ್ದಿದ್ದೇ ತಲೆಗೆ ರಕ್ತ ಸಾಲದೆ. ಮತ್ತೆ ನೆಟ್ಟಗೆ ಕೂರಿಸಿದರೆ ಆ ರಕ್ತ ಸಿಗೋದು ಇನ್ನೂ ತಡ. ನೆಲದ ಮೇಲೆ ಅಂಗಾತ ಮಲಗಿಸಿ, ಕಾಲು ಎತ್ತಿ ಹಿಡಿಯಿರಿ, ಬಟ್ಟೆ ಸಡಿಲಿಸಿ, ಗುಂಪು ಚದುರಿಸಿ. ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ. ಪೂರ್ತಿ ಎಚ್ಚರ ಆಗುವ ತನಕ ಬಾಯಿಗೆ ನೀರು ಬೇಡ. ಮೂರ್ಛೆಯಲ್ಲೂ ಕೆಲವರ ಕೈಕಾಲು ಒಂದೆರಡು ಸಲ ಅದುರುತ್ತವೆ. ಅದನ್ನು ಫಿಟ್ಸ್ ಅಂದುಕೊಂಡು ಕೈಗೆ ಬೀಗದ ಕೈ ಕೊಡೋದು, ಚಪ್ಪಲಿ ಮೂಸಿಸೋದು ಮಾಡುತ್ತಾರೆ. ನಿಜವಾದ ಫಿಟ್ಸ್‌ಗೂ ಅದರಿಂದ ಉಪಯೋಗವಿಲ್ಲ.

ಉಸಿರಾಟ ಇಲ್ಲದಿದ್ದರೆ, ಎರಡು ನಿಮಿಷವಾದರೂ ಎಚ್ಚರ ಆಗದಿದ್ದರೆ, ಎದೆನೋವು ಇದ್ದರೆ, ಓಡುವಾಗ ಅಥವಾ ಭಾರ ಎತ್ತುವಾಗ ಬಿದ್ದಿದ್ದರೆ, ಮಲಗಿದ್ದಾಗಲೇ ಪ್ರಜ್ಞೆ ತಪ್ಪಿದ್ದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಕಪ್ಪು ಮಲ ಹೋಗುತ್ತಿದ್ದರೆ ಕಾಯಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ಉಳಿದವರು ಯಾವಾಗ, ಯಾವ ಭಂಗಿಯಲ್ಲಿ, ಎಷ್ಟು ಹೊತ್ತು ಹೀಗಾಯ್ತು ಅಂತ ಒಂದು ವಾರ ಬರೆದಿಟ್ಟುಕೊಂಡು ವೈದ್ಯರ ಬಳಿ ಹೋದರೆ, ಅವರಿಗೆ ಕಾರಣ ಹುಡುಕುವುದು ಅರ್ಧ ಸುಲಭವಾಗುತ್ತದೆ.