ಗೀತಾ ನಾಗಭೂಷಣರ ಕಥನದಲ್ಲಿ ಹೆಣ್ಣಿನ ಆಕ್ರೋಶ

ಯಾದಗಿರಿ, ಶಹಾಪುರ, ಸುರಪುರಗಳು 2009ರ ಡಿಸೆಂಬರ್ ಕೊನೆಯವರೆಗೂ ಅಖಂಡ ಕಲಬುರಗಿ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಈ ಸೀಮೆಯ ಬಡ ಹೆಣ್ಣುಮಕ್ಕಳ ಬಾಳನ್ನು ಕಥೆಯಾಗಿಸಿದವರಲ್ಲಿ ಗೀತಾ ನಾಗಭೂಷಣರು (1942–2020) ಅಗ್ರಗಣ್ಯರು. ಸವಳಗಿಯಲ್ಲಿ ಜನಿಸಿದ ಇವರು ಗಿರಣಿ ಕಾರ್ಮಿಕನ ಮಗಳು. ಕಥೆಯಾಗಲಿ ಕಾದಂಬರಿಯಾಗಲಿ, ಇವರಲ್ಲಿ ದುಡಿಯುವ ಹೆಣ್ಣಿನ ಸಿಟ್ಟು ಕಲಬುರಗಿಯ ಆಡುನುಡಿಯಲ್ಲಿಯೇ ಹೊಮ್ಮುತ್ತದೆ. ಆ ನುಡಿ ಕೆಲವರಿಗೆ ಒರಟೆನಿಸಬಹುದು. ಕೌಶಿಕನ ಅರಮನೆ ತೊರೆದು ನಡೆದ ಅಕ್ಕನನ್ನು ನೆನೆಯುವ ಶರಣಬಂಧುಗಳಿಗೆ ಅಪರಿಚಿತವೇನಲ್ಲ. ಒಂದು ಕಥಾಸಂಕಲನದ ಹೆಸರೇ ‘ಜ್ವಲಂತ’. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿಯು ಚಲನಚಿತ್ರವಾದಾಗ ‘ಹೆಣ್ಣಿನ ಕೂಗು’ ಎನಿಸಿಕೊಂಡಿತು. ಮೂಲದ ಹೆಸರಿನ ಕಿಚ್ಚು ಅಲ್ಲಿ ತಗ್ಗಿತೆಂದೇ ಹೇಳಬೇಕು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕನ್ನಡಕ್ಕೆ 1955ರಲ್ಲಿ ಕುವೆಂಪು ಅವರಿಂದ ಮೊದಲಾದ ಆ ಗೌರವ ಲೇಖಕಿಯೊಬ್ಬರಿಗೆ ದೊರೆತದ್ದು ಅದೇ ಪ್ರಥಮ.